ಮೌನಿಯ ಕುರ್ಚಿಯಲ್ಲಿ ನರ್ಸಮ್ಮ

“ಕತ್ತರಿ ಕೆಳಗಿಡಿ.”

ಅವಳು ಅವನಿಗೆ ಹೇಳಿದ ಮೊದಲ ಮಾತು ಇದೇ.

ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತಿದ್ದ ದಪ್ಪ ಗಿರಾಕಿಯ ತಲೆ ಬಲಗಡೆ ನೀಟಾಗಿತ್ತು, ಎಡಗಡೆ ಪೊದೆಯಂತಿತ್ತು. ಬಡಾವಣೆಯಲ್ಲಿ ಸೋಂಕು ಹಬ್ಬುತ್ತಿತ್ತು. ಇಂಥ ಅಂಗಡಿಗಳೆಲ್ಲ ಕೂಡಲೇ ಮುಚ್ಚಬೇಕೆಂಬ ಆದೇಶ ಅವಳ ಕೈಯಲ್ಲಿತ್ತು. ಅವಳು ಆರೋಗ್ಯ ಕೇಂದ್ರದ ನರ್ಸ್. ಬೆಳಿಗ್ಗೆಯಿಂದ ಹನ್ನೊಂದು ಅಂಗಡಿ ಮುಚ್ಚಿಸಿ, ಹನ್ನೊಂದು ಕಡೆ ಬೈಸಿಕೊಂಡು ಬಂದಿದ್ದಳು.

ಕ್ಷೌರಿಕ ಆದೇಶ ಓದಿದ. ಗಿರಾಕಿಯ ತಲೆ ನೋಡಿದ. ಆಮೇಲೆ ಅವಳನ್ನು ನೋಡಿದ. ಬೇಡಿಕೊಳ್ಳಲಿಲ್ಲ, ಬೈಯಲಿಲ್ಲ... ಮಾಸ್ಕಿನ ಮೇಲೆ ಆ ಎರಡು ಕಣ್ಣು ಸುಮ್ಮನೆ ಕಾದವು.

ಇವನ್ಯಾಕೆ ಹೀಗೆ ನೋಡ್ತಾನೆ? ಕೋಪ ಮಾಡಿಕೊಳ್ಳಬೇಕೆಂದವಳಿಗೆ ನಗು ಬಂದುಬಿಟ್ಟಿತು.

“ಐದು ನಿಮಿಷ,” ಎಂದಳು.

ಅವನು ನಾಲ್ಕರಲ್ಲಿ ಮುಗಿಸಿದ. ನೆಲ ಗುಡಿಸಿ, ಕತ್ತರಿ ಬಾಚಣಿಗೆ ತೊಳೆದಿಟ್ಟು, ಷಟರ್ ಎಳೆದ. ತಾನೇ ಅವನ ಕೈಯಿಂದ ಏನನ್ನೋ ಕಿತ್ತುಕೊಂಡಂತೆ ಅವಳಿಗೆ ದಿನವಿಡೀ ಕಸಿವಿಸಿ.

ಬೀದಿಯವರು ಅವನನ್ನು ಮೌನಿ ಎಂದೇ ಕರೆಯುತ್ತಿದ್ದರು. ಕ್ಷೌರಿಕನಾಗಿಯೂ ಮಾತಾಡದವನು ಇವನೊಬ್ಬನೇ ಎಂದು ತಮಾಷೆ ಮಾಡುತ್ತಿದ್ದರು. ಆದರೆ ಕುರ್ಚಿಯಲ್ಲಿ ಕೂತರೆ ಸಾಕು, ತಮ್ಮ ಮನೆಯವರಿಗೂ ಹೇಳದ್ದನ್ನು ಅವನಿಗೆ ಹೇಳುತ್ತಿದ್ದರು.

ನರ್ಸಮ್ಮನ ಮಾತನ್ನು ಮಾತ್ರ ಯಾರೂ ಕೇಳಲೊಲ್ಲರು. ವಯಸ್ಸಾದವರೆಷ್ಟು ಜನ, ಸಕ್ಕರೆ ಕಾಯಿಲೆ ಯಾರಿಗಿದೆ, ಜ್ವರ ಯಾರಿಗೆ ಬಂದಿದೆ ಎಂದು ಪಟ್ಟಿ ಹಿಡಿದು ಹೋದರೆ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಎಳೆದುಕೊಂಡು ಹೋಗಿ ಆಸ್ಪತ್ರೆಗೆ ಹಾಕುತ್ತಾರೆಂಬ ಭಯ ಎಲ್ಲರಿಗೂ.

ನಾಲ್ಕನೆಯ ದಿನ ಅವಳು ಸೋತು, ಮೌನಿಯ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕುಸಿದಳು. ಅವನು ಒಂದು ಬಾಟಲಿ ನೀರು ತಂದಿಟ್ಟು, ಹಿಂದೆ ಸರಿದು ದೂರ ನಿಂತ. ಯಾರ್ಯಾರಿಗೆ ಹುಷಾರಿಲ್ಲ ಅನ್ನೋದು ನಿಮಗೆ ಗೊತ್ತಿರುತ್ತದಲ್ಲ, ಹೇಳಿ ಎಂದು ಅವಳು ಕೇಳಿದಳು.

“ಅವರು ಹೇಳಿದ್ದನ್ನ ನಾನು ಹೇಳಲ್ಲ, ಸಿಸ್ಟರ್. ಆದ್ರೆ ನಿಮ್ಮ ಜೊತೆ ಬರ್ತೀನಿ. ಅವರೇ ಹೇಳ್ತಾರೆ.”

ಹಾಗೆಯೇ ಆಯಿತು. ಅವನು ಗೇಟಿನ ಬಳಿ ನಿಂತರೆ ಸಾಕು, ಬಾಗಿಲು ತೆರೆಯುತ್ತಿತ್ತು. ಕೇಂದ್ರದವರು ಅವನಿಗೆ ಸ್ವಯಂಸೇವಕನ ಬ್ಯಾಡ್ಜ್ ಕೊಟ್ಟರು. ಸೋಂಕಿತರು ಪ್ರತ್ಯೇಕವಾಗಿ ವಾಸಿಸತಕ್ಕದ್ದು ಎಂದು ಅವಳು ಕರಪತ್ರ ಓದಿದಾಗ, ಇದನ್ನೇ ನಿಮ್ಮ ಅಮ್ಮನಿಗೆ ಹೇಳುವುದಾದರೆ ಹೇಗೆ ಹೇಳುತ್ತೀರಿ ಎಂದು ಕೇಳಿದ. ಅವಳು ಯೋಚಿಸಿದಳು. ಮರುದಿನದಿಂದ ಅವಳ ಮಾತೇ ಬದಲಾಯಿತು. ಜ್ವರ ಬಂದವರಿಗೆ ಒಂದು ಕೋಣೆ, ಒಂದು ತಟ್ಟೆ, ಒಂದು ಲೋಟ. ಕಿಟಕಿ ತೆಗೆದಿರಲಿ. ಉಸಿರು ಕಟ್ಟಿದರೆ ಮುಚ್ಚಿಡಬೇಡಿ, ಫೋನ್ ಮಾಡಿ.

ಜ್ವರದ ಮನೆಗೊಂದು ಜೊತೆಮನೆ ಎಂಬ ಯೋಚನೆಯೂ ಅವನದೇ. ಪಕ್ಕದವರೊಬ್ಬರು ದಿನಸಿ, ಮಾತ್ರೆ ತಂದು ಬಾಗಿಲಲ್ಲಿಟ್ಟು, ದಿನಕ್ಕೆರಡು ಸಲ ಫೋನ್ ಮಾಡಿ ವಿಚಾರಿಸಬೇಕು. ಜಗಳ ಆಡಿ ಮಾತು ಬಿಟ್ಟಿದ್ದ ಮನೆಗಳೂ ಒಂದೇ ವಾರದಲ್ಲಿ ಜೊತೆಮನೆಗಳಾದವು.

ಇಬ್ಬರೂ ಆರಡಿ ಅಂತರದಲ್ಲಿ ಬೀದಿ ಬೀದಿ ನಡೆದರು. ಆ ಆರಡಿ ದಿನದಿಂದ ದಿನಕ್ಕೆ ಯಾಕಿಷ್ಟು ದೂರ ಅನ್ನಿಸುತ್ತಿದೆ... ಎಂದು ಅವಳು ತನ್ನನ್ನೇ ಗದರಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಕೇಂದ್ರಕ್ಕೆ ದೂರು ಬಂತು. ಮೌನಿ ಕದ್ದುಮುಚ್ಚಿ ಮನೆಗಳಿಗೆ ಹೋಗಿ ಕ್ಷೌರ ಮಾಡುತ್ತಿದ್ದಾನಂತೆ.

ಅವಳು ನಂಬಲಿಲ್ಲ. ಆದರೆ ಅದೇ ಮಧ್ಯಾಹ್ನ ಅವನು ಮೂಲೆಯ ಮಹಡಿ ಮನೆಯಿಂದ ಚೀಲ ಹಿಡಿದು ಇಳಿದುಬರುತ್ತಿದ್ದ. ಚೀಲದ ಬಾಯಲ್ಲಿ ಬ್ರಷ್ಷು, ರೇಜರು!

ಏನಿದು ಎಂದು ಕೇಳಿದಳು. ಅವನು ತಲೆ ತಗ್ಗಿಸಿದ.

“ನಿಮ್ಮನ್ನ ನಂಬಿ ಮನೆಮನೆಗೆ ಕರ್ಕೊಂಡು ಹೋದೆ. ಒಂದು ಮಾತಾದ್ರೂ ಆಡಿ.”

ಅವನು ಬ್ಯಾಡ್ಜ್ ಬಿಚ್ಚಿ ಕಾಂಪೌಂಡಿನ ಮೇಲಿಟ್ಟು ಹೊರಟುಹೋದ.

ಸತ್ಯ ತಿಳಿದಿದ್ದು ಎರಡು ದಿನದ ಮೇಲೆ, ಆ ಮಹಡಿ ಮನೆಯ ಅಜ್ಜಿಯಿಂದ. ಅಜ್ಜನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಗಡ್ಡದ ಕೆಳಗೆ ಜೊಲ್ಲು ಸುರಿದು ಹುಣ್ಣಾಗಿತ್ತು. ಗಡ್ಡ ತೆಗೆಯದೆ ಮುಲಾಮು ಹತ್ತುವುದಿಲ್ಲ ಎಂದು ಅಜ್ಜನನ್ನು ನೋಡುತ್ತಿದ್ದ ಡಾಕ್ಟರೇ ಫೋನಿನಲ್ಲಿ ಹೇಳಿ ಒಪ್ಪಿಗೆ ಕೊಟ್ಟಿದ್ದರಂತೆ. ಒಂದು ಕಾಲದಲ್ಲಿ ಠಾಕುಠೀಕಾಗಿದ್ದ ಅಜ್ಜನಿಗೆ ತಮ್ಮ ಸ್ಥಿತಿ ನಾಲ್ಕು ಜನಕ್ಕೆ ಗೊತ್ತಾಗುವುದು ಬೇಡವಾಗಿತ್ತು. ಯಾರಿಗೂ ಹೇಳಬೇಡಪ್ಪ ಎಂದು ಅಜ್ಜಿ ಮಾತು ತೆಗೆದುಕೊಂಡಿದ್ದರು. ಅವನು ಒಂದು ಪೈಸೆಯನ್ನೂ ಮುಟ್ಟಿರಲಿಲ್ಲ.

ಈಗಲೇ ಹೋಗಿ ಕ್ಷಮೆ ಕೇಳಬೇಕು ಎಂದು ಹೊರಟವಳಿಗೆ ಕಾಲೇ ಏಳಲಿಲ್ಲ. ಮೈ ಕೆಂಡದಂತೆ ಸುಡುತ್ತಿತ್ತು.

ಅವಳಿಗೂ ಸೋಂಕು ತಗುಲಿತ್ತು.

ಮನೆಯಲ್ಲಿ ಅವಳು, ಅಮ್ಮ ಇಬ್ಬರೇ. ಅವಳು ಹಿಂದಿನ ಕೋಣೆ ಸೇರಿಕೊಂಡಳು. ಮರುದಿನ ಬೆಳಿಗ್ಗೆ ಕಿಟಕಿಯಾಚೆ ಚೀಲ ಇಟ್ಟ ಸದ್ದು. ನೋಡಿದರೆ ಮೌನಿ! ಅವಳ ಮನೆಗೆ ಜೊತೆಮನೆ ಯಾರೆಂದು ಕೇಂದ್ರದವರು ಕೇಳುವ ಮೊದಲೇ ಅವನು ಹೆಸರು ಕೊಟ್ಟು ಬಂದಿದ್ದ.

ಫೋನಿನಲ್ಲಿ ಅವಳು ಕ್ಷಮೆ ಕೇಳಿದಳು. ಅವನು ಅದಕ್ಕೆ ಉತ್ತರಿಸದೆ ಮಾತ್ರೆ ತಗೊಂಡ್ರಾ, ಸಿಸ್ಟರ್ ಎಂದ.

“ನಾನು ನಿಮ್ಮ ಸಿಸ್ಟರ್ ಅಲ್ಲ.”

“ಮತ್ತೆ... ಏನಂತ ಕರೀಲಿ?”

“ಏನೂ ಕರೀಬೇಡಿ. ಮಾತಾಡಿ, ಸಾಕು.”

ಮೌನಿ ಮಾತಾಡಿದ! ಕತ್ತರಿ ಹಿಡಿಯಲು ಕಲಿಸಿದ ಅಪ್ಪನ ಬಗ್ಗೆ, ಬೀದಿಯ ತಲೆಗಳ ಸುಳಿಗಳ ಬಗ್ಗೆ, ಕನ್ನಡಿಯಲ್ಲಿ ಜನ ತಮ್ಮನ್ನೇ ಕದ್ದು ನೋಡಿಕೊಳ್ಳುವ ಪರಿಯ ಬಗ್ಗೆ. ಅವಳು ನಕ್ಕು ನಕ್ಕು ಕೆಮ್ಮುತ್ತಿದ್ದಳು. ಬಾಗಿಲಾಚೆಯಿಂದ ಅಮ್ಮ, ಅದೇನು ರೋಗವೋ ತಾಯಿ, ನಗು ಬರಿಸೋ ರೋಗ ಎಂದು ಗೊಣಗುತ್ತಿದ್ದರು.

ಆರನೆಯ ದಿನ ಬೆರಳಿಗೆ ಸಿಕ್ಕಿಸಿದ ಆಕ್ಸಿಜನ್ ಮೀಟರು ತೊಂಬತ್ತೊಂದು ತೋರಿಸಿತು. ಅದರ ಅರ್ಥ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ತಾನು ಆಸ್ಪತ್ರೆ ಸೇರಿದರೆ ಅಮ್ಮ ಒಬ್ಬರೇ... ಊರಿಗೆಲ್ಲ ಮುಚ್ಚಿಡಬೇಡಿ ಎಂದವಳು, ಕಿಟಕಿಯಾಚೆ ನಿಂತು ಅವನು ಕೇಳಿದಾಗ ತೊಂಬತ್ತಾರು ಎಂದುಬಿಟ್ಟಳು.

“ಸುಳ್ಳು,” ಎಂದ ಅವನು. “ಮೂರು ಮಾತಿಗೊಂದ್ಸಲ ಉಸಿರು ತಗೋತಿದ್ದೀರಿ. ನಿನ್ನೆ ಹಾಗಿರ್ಲಿಲ್ಲ. ಮೀಟರ್ ಕಿಟಕಿಗೆ ಹಿಡೀರಿ.”

ಅವಳು ಹಿಡಿದಳು. ಗಾಜಿನಾಚೆ ಅವನ ಮುಖ ಬಿಳಿಚಿಕೊಂಡಿತು.

“ಅಮ್ಮನ್ನ ನಾನು ನೋಡ್ಕೋತೀನಿ. ನೀವು ಹುಷಾರಾಗಿ ಬನ್ನಿ.”

ಅರ್ಧ ಗಂಟೆಯಲ್ಲಿ ಆಂಬುಲೆನ್ಸ್ ಬಂತು. ಒಂಬತ್ತು ದಿನ ಆಮ್ಲಜನಕದ ಮೇಲಿದ್ದಳು. ಇನ್ನೊಂದು ದಿನ ತಡವಾಗಿದ್ದರೆ ಕೈಮೀರುತ್ತಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು.

ಮನೆಗೆ ಬಂದ ಮೇಲೂ ಅವನು ದಿನಾ ಗೇಟಿಗೆ ಬರುತ್ತಿದ್ದ. ಅವಳು ವರಾಂಡದಲ್ಲಿ ಕೂತು ಮಾತಾಡುತ್ತಿದ್ದಳು. ಸೋಂಕು ಇಳಿಯಿತು. ಅಂಗಡಿಗಳು ತೆರೆದವು. ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ...

ಒಂದು ಬೆಳಿಗ್ಗೆ ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ದಿಂಬಿನ ಮೇಲೆ, ಬಚ್ಚಲಲ್ಲಿ, ಸೀರೆಯ ಮೇಲೆ... ಕೈಗೆ ಗೊಂಚಲು ಗೊಂಚಲಾಗಿ ಬಂತು. ಜೋರು ಜ್ವರದ ನಂತರ ಹೀಗಾಗುತ್ತದೆ, ಮತ್ತೆ ಬೆಳೆಯುತ್ತದೆ ಎಂದು ತಾನೇ ಎಷ್ಟೋ ಜನಕ್ಕೆ ಹೇಳಿದವಳು ಕನ್ನಡಿ ಮುಂದೆ ಕೂತು ಅತ್ತಳು. ದಿನವಿಡೀ ಕೂದಲನ್ನೇ ನೋಡುವ ಮನುಷ್ಯನ ಎದುರು ಈ ತಲೆ ಹೊತ್ತು ಹೇಗೆ ನಿಲ್ಲಲಿ?

ವರಾಂಡಕ್ಕೆ ಬರುವುದು ಬಿಟ್ಟಳು. ಫೋನ್ ಎತ್ತಲಿಲ್ಲ. ಕೆಲವು ದಿನ ಕಾದು ಅವನೂ ಬರುವುದು ನಿಲ್ಲಿಸಿದ.

ವಾರ ಕಳೆದ ಮೇಲೆ ಅಮ್ಮ ಮಾರ್ಕೆಟ್ಟಿನಿಂದ ಬಂದವರು ಚೀಲ ಕೆಳಗಿಡುವ ಮೊದಲೇ ಶುರು ಮಾಡಿದರು.

“ದಾರೀಲಿ ಸಿಕ್ಕಿದ್ದ. ಹುಷಾರಾದ್ರಲ್ಲ, ಇನ್ನು ಕ್ಷೌರದವನ ಹಂಗ್ಯಾಕೆ ಅವ್ರಿಗೆ, ಬಿಡಿ ಅಂದ. ನಿನಗೆ ಕೂದಲು ಉದುರಿದ್ರೆ ಆ ಹುಡುಗನ ಮನಸ್ಸು ಯಾಕೇ ಮುರೀತೀಯ?”

ಅಯ್ಯೋ... ಹೀಗೂ ಅರ್ಥವಾಗುತ್ತದೆಂದು ಅವಳು ಯೋಚಿಸಿಯೇ ಇರಲಿಲ್ಲ.

ಅವಳು ಹೋದಾಗ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅವನು ಎದ್ದು ನಿಂತ. ಅವಳು ಕುರ್ಚಿಯಲ್ಲಿ ಕೂತು, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಕಣ್ಣು ಮುಚ್ಚಿಕೊಂಡಳು.

“ಇದನ್ನ ತೋರಿಸೋಕೆ ನಾಚಿಕೆ ಆಗಿತ್ತು. ಅದಕ್ಕೇ ಬರಲಿಲ್ಲ. ಬೇರೆ ಏನೂ ಇಲ್ಲ.”

ಅವನು ಬಿಳಿ ಬಟ್ಟೆ ಹೊದಿಸಿದ. ಒಂದೂ ಎಳೆ ನೋಯದಂತೆ ಬಾಚಿದ. ಉಳಿದ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸತೊಡಗಿದ. ತಲೆಯ ಭಾರ ಇಳಿಯುತ್ತಿದ್ದಂತೆ ಅವಳ ಕಣ್ಣೀರೂ ಇಳಿಯಿತು.

“ಕಣ್ಣು ಬಿಡಿ,” ಎಂದ.

ಅವನು ಅವಳ ಹಣೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಸವರಿ, ತಲೆಯನ್ನು ಕನ್ನಡಿಯ ಹತ್ತಿರಕ್ಕೆ ಬಗ್ಗಿಸಿದ. ಅಲ್ಲಿ, ಬೈತಲೆಯ ಬುಡದಲ್ಲಿ, ಎಳೆ ಹುಲ್ಲಿನಂತೆ ನೆಟ್ಟಗೆ ನಿಂತ ಪುಟ್ಟ ಪುಟ್ಟ ಕೂದಲು.

“ಹೊಸವು. ಆಗ್ಲೇ ಬರ್ತಿವೆ. ನೀವು ಉದುರಿದ್ದನ್ನೇ ನೋಡ್ತಿದ್ರಿ.”

ಅವಳು ಕನ್ನಡಿಯಲ್ಲಿ ಅವನನ್ನು ನೋಡಿದಳು. ಅವನ ಕಣ್ಣೂ ತುಂಬಿತ್ತು.

“ಇವು ಹೆಗಲವರೆಗೆ ಬರೋಕೆ ಎಷ್ಟು ಕಾಲ ಬೇಕು?”

“ಎರಡು ವರ್ಷ. ಅಲ್ಲಿವರೆಗೂ ನಾನೇ ನೋಡ್ಕೋತೀನಿ.”

“ಆಮೇಲೆ?”

ಅವನು ಕತ್ತರಿ ಕೆಳಗಿಟ್ಟು, ಅವಳ ಹೆಗಲ ಮೇಲೆ ಬಿದ್ದಿದ್ದ ಕೂದಲನ್ನು ಕೊಡವಿದ. ಕೈ ಅಲ್ಲೇ ಉಳಿಯಿತು.

“ಆಮೇಲೆ ನೀವು ನನ್ನ ನೋಡ್ಕೊಳ್ಳಿ.”

“ಆಮೇಲೆ ಯಾಕೆ,” ಎಂದಳು ಅವಳು, ಆ ಕೈಯ ಮೇಲೆ ಕೆನ್ನೆಯಿಟ್ಟು. “ಇವತ್ತಿಂದಾನೇ.”