ಸುದ್ದಿಗೊಂದು ಕೊಸರು

ಬಹಳ ಹಿಂದೆ, ದಾರಿ ಕೇಳಿದರೆ ಯಾರೂ ಸರಿಯಾಗಿ ಹೇಳಲಾರದ ಒಂದು ಕಡೆ, ಹಿಪ್ಪಲಿಪುರವೆಂಬ ರಾಜ್ಯವಿತ್ತು. ಅಲ್ಲಿಯ ಅರಸ ಒಳ್ಳೆಯವನು. ಮಳೆ ಬೆಳೆ ಚೆನ್ನಾಗಿತ್ತು. ಅದರ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಹೇಳಬೇಕಾದದ್ದು ಅಲ್ಲಿಯ ಜನರ ನಾಲಗೆಯ ಬಗ್ಗೆ.

ಊರ ನಡುವೆ ಒಂದು ಕಟ್ಟೆ. ಸಂತೆಯ ದಿನ ಅರಮನೆಯ ಓಲೆಕಾರ ಬೊಪ್ಪಣ್ಣ ಆ ಕಟ್ಟೆಯ ಮೇಲೆ ನಿಂತು ದೇಶದೇಶದ ವಿಚಿತ್ರ ಸುದ್ದಿಗಳನ್ನು ಓದುತ್ತಿದ್ದ. ಸೊಪ್ಪಿನವಳು ಅಳೆದು ಕೊಟ್ಟ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾಳಲ್ಲ, ಹಾಗೆ ಓದಿದ ಪ್ರತಿ ಸುದ್ದಿಗೂ ಕೇಳಿದವರು ಒಂದು ತಮಾಷೆಯ ಮಾತು ಸೇರಿಸಬೇಕು. ಅದಕ್ಕೂ ಕೊಸರು ಎಂದೇ ಹೆಸರು. ಕೊಸರು ಹಾಕದೆ ಸುದ್ದಿಯನ್ನು ಮನೆಗೆ ಹೊತ್ತುಕೊಂಡು ಹೋದರೆ ಹೊಟ್ಟೆನೋವು ಬರುತ್ತದೆ ಎಂದು ಅವರ ನಂಬಿಕೆ. ಬರುತ್ತಿತ್ತೋ ಇಲ್ಲವೋ, ಪರೀಕ್ಷೆ ಮಾಡಿ ನೋಡಿದವರಿಲ್ಲ.

"ತೆಂಕಣ ದೇಶದಲ್ಲಿ ಒಬ್ಬ ಹುಟ್ಟಿದಾಗಿನಿಂದ ಉಗುರು ತೆಗೆದಿಲ್ಲ. ಅವು ಅಂಗಳ ದಾಟಿ ಬೀದಿಗೆ ಬಂದಿವೆ," ಎಂದು ಬೊಪ್ಪಣ್ಣ ಓದುವನು.

"ಪಾಪ, ಮೂಗಿನ ಮೇಲೆ ನೊಣ ಕೂತರೆ ನೆರೆಮನೆಯವರನ್ನು ಕರೆದು ಓಡಿಸಬೇಕು!" ಎಂದು ಒಬ್ಬ ಕೂಗುವನು.

"ಪಡುವಣ ದೇಶದಲ್ಲಿ ಒಬ್ಬ ನಲವತ್ತು ವರ್ಷದಿಂದ ನಿದ್ದೆ ಮಾಡುತ್ತಲೇ ಇದ್ದಾನೆ."

"ಹಾಗಾದರೆ ಅವನಿಗೆ ಮಕ್ಕಳಿಲ್ಲ ಅಂತಾಯಿತು!"

"ಸಮುದ್ರದಾಚೆ ಮರ ಹತ್ತುವ ಮೀನು ಇದೆ."

"ಏ ಬೆಸ್ತಣ್ಣ, ಬಲೆ ಮಾರು, ಏಣಿ ತಗೋ!"

ಹೀಗೆ ನಡೆಯುತ್ತಿತ್ತು. ಊರಲ್ಲೆಲ್ಲ ಚುರುಕಾದ ಕೊಸರು ಹಾಕುವವಳು ಸಾತವ್ವ. ಕೆಲಸ ಚಾಪೆ ಹೆಣೆಯುವುದು. ಕೈ ಹೆಣೆಯುತ್ತಿದ್ದರೆ ಬಾಯಿ ಅದಕ್ಕಿಂತ ಜೋರಾಗಿ ಹೆಣೆಯುತ್ತಿತ್ತು. ಅವಳ ಗಂಡ ಸೋವಣ್ಣ ಆ ಚಾಪೆಗಳನ್ನು ಹೊತ್ತು ಊರೂರು ಮಾರುವವನು. ಅವನು ಜನ್ಮದಲ್ಲಿ ಒಂದು ಕೊಸರು ಹಾಕಿದವನಲ್ಲ. ಏನು ಕಂಡರೂ "ಅಬ್ಬಾ!" ಎಂದು ನಿಂತುಬಿಡುತ್ತಿದ್ದ. ಮೋಡ ಕಂಡರೂ ಅಬ್ಬಾ, ಬಸವನಹುಳು ಕಂಡರೂ ಅಬ್ಬಾ. ಹೆಂಡತಿ ಕೊಸರು ಹಾಕಿದಾಗ ಮಾತ್ರ ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆ ಊರಲ್ಲಿ ಆಡುವವರು ಬೀದಿ ತುಂಬ ಇದ್ದರು. ಮನಸಾರೆ ಕೇಳುವವನು ಅವನೊಬ್ಬನೇ. ಅದಕ್ಕೇ ಅವನೆಂದರೆ ಸಾತವ್ವನಿಗೆ ಜೀವ.

ಒಂದು ಸಲ ಚಾಪೆ ಹೊತ್ತು ಹೋದ ಸೋವಣ್ಣ ಬರುವುದು ತಡವಾಯಿತು. ಎಲ್ಲೋ ಏನೋ ನೋಡುತ್ತಾ ನಿಂತಿರಬೇಕು ಎಂದುಕೊಂಡು ಸಾತವ್ವ ಸಂತೆಯ ದಿನ ಎಂದಿನಂತೆ ಕಟ್ಟೆಗೆ ಹೋದಳು.

ಬೊಪ್ಪಣ್ಣ ಓದಿದ. "ಏಳು ಬೆಟ್ಟದಾಚೆ ಕೌತುಕರಾಯನೆಂಬ ಮಾಂತ್ರಿಕನಿದ್ದಾನೆ. ಅವನ ವಿದ್ಯೆ ಕಂಡು ಬೆರಗಾಗಿ ಮಾತು ನಿಂತವರು, ಬಾಯಿ ತೆರೆದ ಹಾಗೆಯೇ ಕಲ್ಲಾಗುತ್ತಾರೆ. ಆ ಕಲ್ಲುಗಳೇ ಅವನ ಸಭೆ. ಈಚೆಗೆ ಒಬ್ಬ ದಾರಿಹೋಕನೂ ಕಲ್ಲಾದ."

ಸಾತವ್ವ ಎಲ್ಲರಿಗಿಂತ ಮೊದಲೇ ಕೊಸರು ಹಾಕಿದಳು. "ಅವನ ಹೆಂಡತಿ ಪುಣ್ಯವಂತೆ ಕಣ್ರೋ! ಇನ್ನು ಹೇಳಿದ್ದೆಲ್ಲ ಕೇಳಿಸಿಕೊಂಡು ನಿಂತಿರ್ತಾನೆ, ನಡುವೆ ಎದ್ದು ಹೋಗಲ್ಲ!"

ಕಟ್ಟೆಗೆ ಕಟ್ಟೆಯೇ ನಕ್ಕಿತು. ನಗು ನಿಂತ ಮೇಲೆ ಬೊಪ್ಪಣ್ಣ ಉಳಿದದ್ದನ್ನು ಓದಿದ. "ಆ ದಾರಿಹೋಕ ಚಾಪೆ ಮಾರುವವನು. ಬಲಗಿವಿಯ ಹಿಂದೆ ನೆಲ್ಲಿಕಾಯಿ ಗಾತ್ರದ ಮಚ್ಚೆ. ಹೆಸರು ತಿಳಿಯದು."

ಯಾರೂ ಕೊಸರು ಹಾಕಲಿಲ್ಲ. ಸಾತವ್ವನಿಗೆ ತನ್ನ ನಾಲಗೆ ಕಿತ್ತು ಬಿಸಾಡುವಷ್ಟು ನಾಚಿಕೆಯಾಯಿತು. ಗಂಡ ಕಲ್ಲಾಗಿ ನಿಂತಿರುವಾಗ ತಾನು ಊರನ್ನು ನಗಿಸಿದೆನಲ್ಲ ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿಸಿ, ರೊಟ್ಟಿ ಬುತ್ತಿ ಕಟ್ಟಿಕೊಂಡು, ಏಳು ಬೆಟ್ಟ ಹತ್ತಿ ಇಳಿದಳು.

ಕೌತುಕರಾಯನ ಕೋಟೆಯ ಬಾಗಿಲಲ್ಲಿ ರೆಕ್ಕೆಯಿರುವ ಹುಲಿ ಕಾವಲಿತ್ತು. ಅದು ರೆಕ್ಕೆ ಬಿಚ್ಚಿ ಘರ್ಜಿಸಿತು.

"ಅಲ್ಲ ಮಾರಾಯ," ಎಂದಳು ಸಾತವ್ವ, "ಇಷ್ಟು ಚೆಂದದ ರೆಕ್ಕೆ ಇಟ್ಟುಕೊಂಡು ಬಾಗಿಲು ಕಾಯ್ತಾ ಕೂತಿದ್ದೀಯಲ್ಲ?"

ಹುಲಿ ಬಾಲ ಅಲ್ಲಾಡಿಸಿತು. ಸ್ವಲ್ಪ ಹೊತ್ತು ಯೋಚನೆ ಮಾಡಿತು. ಆಮೇಲೆ ಹಾರಿ ಹೋಯಿತು. ಎಲ್ಲಿಗೆ ಹೋಯಿತೆಂದು ಗೊತ್ತಿಲ್ಲ.

ಒಳಗೆ ದೊಡ್ಡ ಅಂಗಳ. ಅಂಗಳದ ತುಂಬ ಕಲ್ಲಿನ ಜನ. ಅರಸರು, ಬೇಡರು, ಬಳೆಗಾರರು, ಬಸುರಿಯರು, ಎಲ್ಲರೂ ಬಾಯಿ ತೆರೆದು ಒಂದೇ ಕಡೆ ನೋಡುತ್ತಿದ್ದರು. ಅಲ್ಲಿ ಎತ್ತರದ ಪೀಠದ ಮೇಲೆ ಕೌತುಕರಾಯ ಕೂತಿದ್ದ. ತಾಳೆಮರದಷ್ಟು ಎತ್ತರ, ಮೊಣಕಾಲು ಮುಟ್ಟುವ ಮೀಸೆ. ಮುಂದಿನ ಸಾಲಿನಲ್ಲೇ ಸೋವಣ್ಣ ಇದ್ದ. ಚಾಪೆಯ ಕಟ್ಟೂ ಕಲ್ಲಾಗಿತ್ತು.

"ನನ್ನ ಗಂಡನ್ನ ಕೊಡು," ಎಂದಳು ಸಾತವ್ವ.

"ಮೂರು ವಿದ್ಯೆ ತೋರಿಸುತ್ತೇನೆ," ಎಂದ ಕೌತುಕರಾಯ. "ಮೂರಕ್ಕೂ ನಿನ್ನ ಮಾತು ನಿಲ್ಲದಿದ್ದರೆ ಕರೆದುಕೊಂಡು ಹೋಗು. ನಿಂತರೆ ಅವನ ಪಕ್ಕದಲ್ಲಿ ಜಾಗವಿದೆ."

"ಆಗಲಿ," ಎಂದಳು ಸಾತವ್ವ.

ಮೊದಲನೆಯ ವಿದ್ಯೆ. ಕೌತುಕರಾಯ ಕೋಟೆಯ ಹಿಂದಿನ ಕೆರೆಗೆ ಬಾಯಿಟ್ಟು ಒಂದೇ ಗುಟುಕಿಗೆ ಕುಡಿದುಬಿಟ್ಟ. ಕೆರೆಯಲ್ಲಿ ಬರೀ ಕೆಸರು ಉಳಿಯಿತು. ಮತ್ತೆ ಬಾಯಿ ತೆರೆದು ನೀರು, ಮೀನು, ತಾವರೆ ಎಲ್ಲವನ್ನೂ ಇದ್ದಲ್ಲಿಗೇ ಬಿಟ್ಟ. ಒಂದು ದಳ ಮುದುಡಿರಲಿಲ್ಲ.

"ನಮ್ಮ ದೊಡ್ಡಪ್ಪನೂ ಮದುವೆ ಮನೆಯಲ್ಲಿ ಪಾಯಸ ಹೀಗೇ ಕುಡಿಯೋದು," ಎಂದಳು ಸಾತವ್ವ. "ಆದರೆ ಅವರು ಮರ್ಯಾದಸ್ಥರು, ವಾಪಸು ಬಿಡಲ್ಲ."

ಕೌತುಕರಾಯ ಬಗ್ಗಿ ಅವಳನ್ನೇ ನೋಡಿದ. ಅವನ ವಿದ್ಯೆ ಮುಗಿದ ಮೇಲೆ ಯಾರಾದರೂ ಮಾತಾಡಿದ್ದು ಅದೇ ಮೊದಲು.

ಎರಡನೆಯ ವಿದ್ಯೆ. ಅವನು ತನ್ನ ತಲೆಯನ್ನು ತಾನೇ ಕಳಚಿ ಆಕಾಶಕ್ಕೆ ಎಸೆದ. ತಲೆ ಮೋಡದ ಮೇಲೆ ಕೂತು ನಾಲ್ಕು ಭಾಷೆಯಲ್ಲಿ ಪದ್ಯ ಹೇಳಿತು. ಕೆಳಗೆ ಮುಂಡ ತಾಳ ಹಾಕಿತು.

"ಅದೆಲ್ಲ ಸರಿ," ಎಂದಳು ಸಾತವ್ವ. "ನೆಗಡಿ ಬಂದಾಗ ಮೂಗು ಒರೆಸೋರು ಯಾರು?"

ತಲೆ ಸರಕ್ಕನೆ ಕೆಳಗಿಳಿದು ಕುತ್ತಿಗೆಯ ಮೇಲೆ ಕೂತಿತು. ಸ್ವಲ್ಪ ಸೊಟ್ಟಗೆ ಕೂತಿತು.

ಆದರೆ ಕೌತುಕರಾಯ ದಡ್ಡನೇನಲ್ಲ. ಕೆರೆ, ಮೋಡ ಇವಕ್ಕೆಲ್ಲ ಈ ಹೆಂಗಸು ಬಗ್ಗುವವಳಲ್ಲ ಎಂದು ಅವನಿಗೆ ಅರ್ಥವಾಯಿತು. ಮೂರನೆಯ ವಿದ್ಯೆಗೆ ಅವನು ಪೀಠದಿಂದ ಇಳಿದು ಸೋವಣ್ಣನ ಹಣೆಯನ್ನು ಕಿರುಬೆರಳಿನಿಂದ ಮುಟ್ಟಿದ. ಕಲ್ಲಿನ ಹಣೆ ಬೆವರಿತು. ಕೆನ್ನೆಗೆ ಬಣ್ಣ ಬಂತು. ಎದೆ ಏರಿ ಇಳಿಯಿತು. ಕಿವಿಯ ಹಿಂದಿನ ಮಚ್ಚೆ ಮತ್ತೆ ಕಪ್ಪಾಯಿತು.

ಸಾತವ್ವ ನೋಡಿದಳು. ಕೊಸರಿಗಾಗಿ ತಡಕಾಡಿದಳು, ಒಂದೂ ಸಿಗಲಿಲ್ಲ. ಅವನ ಮೇಲೆ ಹಾಕಬಾರದ ಕೊಸರನ್ನು ಊರಲ್ಲೇ ಹಾಕಿ ಬಂದಿದ್ದಳು. ಅವಳ ಕಾಲ್ಬೆರಳುಗಳು ಕಲ್ಲಾದವು. ಪಾದ ಕಲ್ಲಾಯಿತು. ಮೊಣಕಾಲು ಕಲ್ಲಾಯಿತು. ಕೌತುಕರಾಯ ಮೀಸೆ ತಿರುವಿದ.

ಸೋವಣ್ಣ ಕಣ್ಣುಜ್ಜಿಕೊಂಡ. ಕಲ್ಲಾಗಿದ್ದದ್ದು ಅವನಿಗೆ ಗೊತ್ತೇ ಇರಲಿಲ್ಲ.

"ಏನೇ, ನೀನಿಲ್ಲಿ?" ಎಂದ. "ಊಟ ಆಯ್ತಾ?"

"ಊಟವಂತೆ ಊಟ!" ಎಂದು ಸಾತವ್ವ ಸಿಡಿದಳು. ಅವಳ ಮೊಣಕಾಲು ಬಿಸಿಯಾಯಿತು, ಕಲ್ಲು ಕರಗಿ ಪಾದ ಆಡಿತು. "ಎಲ್ಲಿ ಅಂತ ಹುಡುಕಲಿ ನಿಮ್ಮನ್ನ? ಕಂಡಲ್ಲೆಲ್ಲ ಬಾಯಿ ಬಿಟ್ಟುಕೊಂಡು ನಿಲ್ಲಬೇಡಿ ಅಂತ ಎಷ್ಟು ಸಲ ಬಡಕೊಂಡಿದ್ದೀನಿ?"

"ನಿಲ್ಲು ಹೆಂಗಸೇ!" ಎಂದ ಕೌತುಕರಾಯ. "ಕಲ್ಲಿಗೆ ಜೀವ ಕೊಟ್ಟಿದ್ದೇನೆ! ಇತ್ತ ನೋಡು!"

"ಸ್ವಲ್ಪ ಸುಮ್ಮನಿರಯ್ಯ, ಗಂಡ ಹೆಂಡತಿ ಮಾತಾಡ್ತಿದ್ದೀವಿ," ಎಂದು ಅವಳು ಗಂಡನನ್ನೂ ತಿರುಗಿಸಿಕೊಂಡು ಅವನಿಗೆ ಬೆನ್ನು ಹಾಕಿದಳು. ಆಮೇಲೆ ದನಿ ತಗ್ಗಿಸಿ ಗಂಡನಿಗೆ ಹೇಳಿದಳು, "ನನ್ನಿಂದ ಒಂದು ತಪ್ಪಾಗಿದೆ. ನೀವು ಕಲ್ಲಾದ ಸುದ್ದಿ ಕಟ್ಟೆಯಲ್ಲಿ ಓದಿದರು. ನೀವೇ ಅಂತ ತಿಳೀಲಿಲ್ಲ. ನಾನೇ ಕೊಸರು ಹಾಕಿಬಿಟ್ಟೆ."

"ಏನಂದೆ?"

"ಬೇಡ ಬಿಡಿ."

"ಹೇಳೇ, ಪರವಾಗಿಲ್ಲ."

ಅವಳು ತಲೆ ತಗ್ಗಿಸಿ ಹೇಳಿದಳು. ಸೋವಣ್ಣ ನಕ್ಕ. ಹೊಟ್ಟೆ ಹಿಡಿದುಕೊಂಡು, ನೆಲಕ್ಕೆ ಕೂತು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. "ಎದ್ದು ಹೋಗಲ್ಲ ಅಂದ್ಯಾ! ಸರಿಯಾಗೇ ಅಂದಿದ್ದೀಯ!" ಎಂದು ಮತ್ತೆ ನಕ್ಕ. ಸಾತವ್ವ ಅಳುತ್ತಾ ನಕ್ಕಳು.

ಅವರ ಹಿಂದೆ ಕೌತುಕರಾಯ ಸೂರ್ಯನನ್ನು ಹಸಿರು ಮಾಡಿದ. ಬೆಟ್ಟವನ್ನು ಬುಗುರಿಯ ಹಾಗೆ ತಿರುಗಿಸಿದ. "ನೋಡಿ! ಒಂದೇ ಒಂದು ಸಲ ನೋಡಿ!" ಎಂದು ಕೂಗಿದ. ಇಬ್ಬರೂ ತಿರುಗಿ ನೋಡಲಿಲ್ಲ. ಅವನ ಬಲವೆಲ್ಲ ನೋಡುವವರ ಕಣ್ಣಲ್ಲಿತ್ತು. ಜೀವವಿರುವ ಮನುಷ್ಯರು ಬೆನ್ನು ಹಾಕಿ ನಿಂತದ್ದನ್ನು ಅವನು ಕಂಡಿರಲಿಲ್ಲ. ತಾಳೆಮರದಷ್ಟಿದ್ದವನು ಆಳೆತ್ತರವಾದ, ಮೊಳದುದ್ದವಾದ, ಕಡೆಗೆ ಜೀರುಂಡೆಯಾಗಿ ಗೋಡೆಯ ಬಿರುಕಿಗೆ ಸೇರಿಕೊಂಡ. ಅಲ್ಲಿಂದಲೇ ಕಿರ್ರೆಂದು ಕೂಗುತ್ತಿದ್ದ.

ಅಂಗಳದ ಜನಕ್ಕೆಲ್ಲ ಜೀವ ಬಂತು. ಎಲ್ಲರೂ ಮೊದಲು ಮಾಡಿದ ಕೆಲಸ ಬಾಯಿ ಮುಚ್ಚಿದ್ದು. ದವಡೆ ತಿಕ್ಕಿಕೊಳ್ಳುತ್ತಾ ಅವರವರ ಊರಿಗೆ ಹೋದರು. ಸಾತವ್ವ ಸೋವಣ್ಣ ಒಂದೇ ಬುತ್ತಿಯಲ್ಲಿ ಉಂಡು ಹಿಪ್ಪಲಿಪುರಕ್ಕೆ ಬಂದರು.

ಮುಂದಿನ ಸಂತೆಯ ದಿನ ಬೊಪ್ಪಣ್ಣ ಓಲೆ ಬಿಚ್ಚಿದ. "ಬಡಗಣ ದೇಶದಲ್ಲಿ ಒಬ್ಬ ಆಲದಮರದ ತುದಿ ಹತ್ತಿ ಕೂತಿದ್ದಾನೆ. ವರ್ಷಗಳಾದರೂ ಕೆಳಗಿಳಿದಿಲ್ಲ."

ನಾಲ್ಕಾರು ಬಾಯಿಗಳು ಕೊಸರು ಹಾಕಲು ತೆರೆದವು. ಸೋವಣ್ಣ ಎದ್ದು ನಿಂತ. ಅವನು ಕಟ್ಟೆಯಲ್ಲಿ ಮಾತಾಡಿದ್ದು ಅದೇ ಮೊದಲು.

"ಅವನು ಯಾರ ಮನೆಯವನಪ್ಪ?" ಎಂದು ಕೇಳಿದ.

ತೆರೆದ ಬಾಯಿಗಳು ಮುಚ್ಚಿದವು. ಬೊಪ್ಪಣ್ಣ ಓಲೆಯ ಹಿಂಬದಿ ತಿರುಗಿಸಿ ನೋಡಿದ. "ತಾಯಿಯೊಬ್ಬಳಿದ್ದಾಳೆ," ಎಂದ. "ದಿನವೂ ಮರದ ಕೆಳಗೆ ನಿಂತು ಊಟಕ್ಕೆ ಕರೆಯುತ್ತಾಳಂತೆ."

ಆಗ ಸಾತವ್ವ ಹೇಳಿದಳು, "ಆ ತಾಯಿಗೆ ಯಾರಾದರೂ ಹೇಳಿ ಕಳಿಸಿ. ಕರೆಯೋದು ಬಿಡು, ಮರದ ಬುಡದಲ್ಲೇ ಒಲೆ ಹೂಡಿ ಬೆಳ್ಳುಳ್ಳಿ ಒಗ್ಗರಣೆ ಹಾಕು ಅಂತ. ಹೊಟ್ಟೆ ಇರೋನು ಎಷ್ಟು ದಿನ ಮೇಲಿರ್ತಾನೆ?"

ಎಲ್ಲರೂ ನಕ್ಕರು. ಸೋವಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ. ಅರಮನೆಯಲ್ಲಿ ಅದನ್ನು ಕೇಳಿದ ಅರಸನೂ ನಕ್ಕು, ಬಡಗಣ ದೇಶಕ್ಕೆ ಒಬ್ಬ ಕುದುರೆಯವನನ್ನು ಓಡಿಸಿದ. ಅಂದಿನಿಂದ ಹಿಪ್ಪಲಿಪುರದಲ್ಲಿ ಯಾವ ಸುದ್ದಿ ಓದಿದರೂ ಮೊದಲು ಯಾರ ಮನೆಯವನೆಂದು ಕೇಳುವುದು, ಕೊಸರು ಆಮೇಲೆ. ಅವರೆಲ್ಲ ನಗುನಗುತ್ತಾ ಬಹುಕಾಲ ಬಾಳಿದರು.

ಮರದ ಮೇಲಿದ್ದವನು? ಇಳಿದನಂತೆ. ಎರಡು ಸಲ ಬಡಿಸಿಕೊಂಡನಂತೆ.