ಬಣ್ಣ ಮಾಡುವ ಕ್ರಿಮಿಗಳು

“ಅಯ್ಯೋ, ಹತ್ರ ಬರಬೇಡ! ನಂಗೂ ಜ್ವರ ಬರುತ್ತೆ!”

ಪಕ್ಕದಲ್ಲಿ ಕೂತಿದ್ದ ಗೆಳತಿ ಬ್ಯಾಗನ್ನೂ ಎಳೆದುಕೊಂಡು ಬೆಂಚಿನ ತುದಿಗೆ ಸರಿದಳು. ಚೂಟಿ ಕಕ್ಕಾಬಿಕ್ಕಿಯಾದಳು. ತಾನು ಹೇಳಿದ್ದಾದರೂ ಏನು? ಕೊರಳಲ್ಲಿದ್ದ ನೇರಳೆ ಸ್ಕಾರ್ಫ್ ತೋರಿಸಿ, “ಈ ಬಣ್ಣ ಬ್ಯಾಕ್ಟೀರಿಯಾ ಮಾಡಿದ್ದು. ನಮ್ಮಮ್ಮ ಬಣ್ಣದ ಫ್ಯಾಕ್ಟರೀಲಿ ಅವನ್ನ ಸಾಕ್ತಾಳೆ” ಎಂದು ಜಂಬ ಕೊಚ್ಚಿಕೊಂಡಿದ್ದಳು, ಅಷ್ಟೇ.

“ಕ್ರಿಮಿರಾಣಿ!” ಎಂದರು ಹಿಂದಿನಿಂದ ಯಾರೋ. ಇಡೀ ಕ್ಲಾಸು ಗೊಳ್ಳೆಂದಿತು. ಗೆಳತಿ ಮಾತ್ರ ನಗಲಿಲ್ಲ.

ಆಟದ ಪೀರಿಯಡ್ಡಿನಲ್ಲೂ ಅವಳು ದೂರವೇ ನಿಂತಳು. ಕೋಪವಾ? ಹೊಟ್ಟೆಕಿಚ್ಚಾ? ಚೂಟಿಗೆ ತಲೆಬುಡ ತಿಳಿಯಲಿಲ್ಲ.

ಸ್ಕೂಲು ಬಿಟ್ಟಿದ್ದೇ ತಡ, ಅಮ್ಮನ ಫ್ಯಾಕ್ಟರಿಗೆ ಓಡಿದಳು.

“ಅಮ್ಮಾ, ಬ್ಯಾಕ್ಟೀರಿಯಾದಿಂದ ಕಾಯಿಲೆ ಬರುತ್ತೆ ಅಂತಾರೆ ಟೀಚರ್. ಬಣ್ಣ ಬರುತ್ತೆ ಅಂತೀಯ ನೀನು. ಯಾರು ಹೇಳಿದ್ದು ಸುಳ್ಳು?”

“ಇಬ್ಬರು ಹೇಳಿದ್ದೂ ನಿಜ.”

“ಅದು ಹೇಗಾಗುತ್ತೆ?”

“ಒಳಗೆ ಬಂದು ನೋಡು. ಮೊದಲು ಸೋಪು ಹಾಕಿ ಕೈ ತೊಳ್ಕೋ. ನಿನ್ನ ಕೈಯಲ್ಲಿರೋ ಕ್ರಿಮಿ ಸೇರಿದ್ರೆ ನಮ್ಮವು ಕೆಟ್ಟುಹೋಗ್ತವೆ.”

ಚೂಟಿ ಬೆಪ್ಪಾದಳು. ಕ್ರಿಮಿಗಳಿಗೇ ಅವಳ ಕೈ ಕೊಳಕಂತೆ!

ಬ್ಯಾಕ್ಟೀರಿಯಾ ಬೆಳೆಸುವ ಈ ಕೋಣೆಯೊಳಗೆ ಅವಳು ಯಾವತ್ತೂ ಕಾಲಿಟ್ಟಿರಲಿಲ್ಲ. ಬೆಚ್ಚಗಿತ್ತು. ಹಳೇ ನೆಲಮಾಳಿಗೆಯಂಥ ವಾಸನೆ. ಅಮ್ಮ ಗ್ಲೌಸ್ ತೊಟ್ಟು, ಮುಚ್ಚಿದ ಗಾಜಿನ ತಟ್ಟೆಯೊಂದನ್ನು ಬೆಳಕಿಗೆ ಹಿಡಿದಳು. ಒಳಗೆ ನೇರಳೆ ಲೋಳೆ ಮಿರಮಿರ ಮಿಂಚುತ್ತಿತ್ತು.

“ಇದಕ್ಕೆ ಜೀವ ಇದೆಯಾ?”

“ಇದೆ. ಚೆನ್ನಾಗಿ ಬೆಳೆದ ಮೇಲೆ ಕುದಿಸಿ ಸಾಯಿಸ್ತೀವಿ. ಆಮೇಲೆ ಬಣ್ಣ ತೆಗೀತೀವಿ. ನಿನ್ನ ಸ್ಕಾರ್ಫಲ್ಲಿ ಇರೋದು ಬರೀ ಬಣ್ಣ.”

“ಇವು ಒಳ್ಳೇವಾ, ಕೆಟ್ಟವಾ?”

ಅಮ್ಮ ಕೊಂಚ ಯೋಚಿಸಿದಳು. “ಬಟ್ಟೆಗೆ ಒಳ್ಳೇವು. ಗಾಯಕ್ಕೆ ತಗುಲಿದ್ರೆ ಕೆಟ್ಟವು. ಅದಕ್ಕೇ ಈ ಗ್ಲೌಸ್. ಬಾ, ಹತ್ರದಿಂದ ನೋಡು.”

ಚೂಟಿಯ ಕಾಲು ಏಳಲೇ ಇಲ್ಲ. ಕೈಗಳು ತಾವಾಗಿಯೇ ಬೆನ್ನ ಹಿಂದೆ ಅಡಗಿದವು. ತಟ್ಟೆ ಮುಚ್ಚಿದೆ, ಅಮ್ಮ ಪಕ್ಕದಲ್ಲೇ ಇದ್ದಾಳೆ. ಆದರೂ ಬಾಗಿಲ ಹತ್ತಿರವೇ ನಿಂತಳು.

ಅಮ್ಮ ನಗಲಿಲ್ಲ. “ಇನ್ನೊಂದು ದಿನ ನೋಡಿದ್ರಾಯ್ತು ಬಿಡು” ಎಂದು ತಟ್ಟೆಯನ್ನು ಕೆಳಗಿಟ್ಟಳು.

ಮಾರನೇ ದಿನ ಚೂಟಿ ಬೆಂಚಿನಲ್ಲಿ ಗೆಳತಿಗೂ ತನಗೂ ನಡುವೆ ಜಾಗ ಬಿಟ್ಟೇ ಕೂತಳು. ಮೆಲ್ಲಗೆ ಹೇಳಿದಳು: “ನಂಗೂ ಭಯ ಆಯ್ತು ಕಣೇ.”

ಗೆಳತಿ ತಲೆಯೆತ್ತಿದಳು. “ನಿಂಗಾ? ಸುಳ್ಳು!”

“ನಿಜ. ಅಮ್ಮ ಕರೆದ್ರೂ ಹತ್ರ ಹೋಗಲಿಲ್ಲ.”

“ಹೇಗಿತ್ತೇ ಅದು? ಅಲ್ಲಾಡುತ್ತಾ? ಏನು ತಿನ್ನುತ್ತೆ? ರಾತ್ರಿ ನಿದ್ದೆ ಮಾಡುತ್ತಾ?”

ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಕೇಳುತ್ತ ಕೇಳುತ್ತ ಗೆಳತಿ ನಡುವಿನ ಜಾಗಕ್ಕೆ ಸರಿದಿದ್ದಳು. ಈ ಸಲ ಚೂಟಿ ಜಂಬ ಕೊಚ್ಚಲಿಲ್ಲ.

“ಗೊತ್ತಿಲ್ಲ ಕಣೇ” ಎಂದಳು.