ಎಂಬತ್ತಕ್ಕೆ ನಿಲ್ಲದ ಚಾರ್ಜು

ಟೈಲರಮ್ಮ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಉಸಿರಿತ್ತು, ಪ್ರಜ್ಞೆ ಇರಲಿಲ್ಲ.

ನಾನು ಹೋಗುವ ಹೊತ್ತಿಗೆ ಆಂಬುಲೆನ್ಸಿನವರು ಅವರನ್ನು ಸ್ಟ್ರೆಚರಿಗೆ ಹಾಕುತ್ತಿದ್ದರು. ಬಾಗಿಲಲ್ಲಿ ಅರ್ಧ ಬೀದಿ ನಿಂತಿತ್ತು. ಎಲ್ಲರ ಕೈಯಲ್ಲೂ ಫೋನು, ಎಲ್ಲ ಫೋನೂ ನಮ್ಮ ಕಡೆಗೆ. "ಇನ್ಸ್‌ಪೆಕ್ಟರ್ ಮೇಡಂ ಬಂದ್ರು ನೋಡಿ, ಬಂದೇ ಬಿಟ್ರು" ಎಂದು ಒಬ್ಬ ಕಾಮೆಂಟರಿ ಬೇರೆ ಕೊಡುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು.

"ದಫೇದಾರ್ರೇ, ಮೊದ್ಲು ಈ ಸಂತೆ ಖಾಲಿ ಮಾಡ್ಸಿ!"

ಅಂಗಡಿ ಸಣ್ಣದು. ಕೆಳಗೆ ಗಿರಾಕಿಗಳ ಕೌಂಟರು. ಒಳಗಿನಿಂದಲೇ ಮರದ ಮೆಟ್ಟಿಲು, ಮೇಲೆ ಹೊಲಿಗೆ ಕೋಣೆ. ಊಟದ ಹೊತ್ತಿಗೆ ಬೀದಿಬಾಗಿಲು ಹಾಕುತ್ತಾರೆ. ಎಳೆದರೆ ತಾನೇ ಬೀಳುವ ಬೀಗ. ಹೊರಗಿನಿಂದ ತೆಗೆಯಲು ಕೀ ಬೇಕು, ಇಲ್ಲವೇ ಟೈಲರಮ್ಮನೇ ಒಳಗಿನಿಂದ ತೆಗೆಯಬೇಕು. ಒಂದು ಕೀ ಅವರ ಸೊಂಟದಲ್ಲಿತ್ತು. ಇನ್ನೊಂದು ಕಾಜಾ, ಗುಂಡಿ, ಹೆಮ್ಮಿಂಗ್ ಕೆಲಸಕ್ಕೆ ಬರುವ ಹೆಂಗಸಿನ ಕೈಯಲ್ಲಿ. ಬೀದಿಯವರೆಲ್ಲ ಅವಳನ್ನು ಕಾಜಾದವಳು ಎಂದೇ ಕರೆಯುವುದು. ಟೈಲರಮ್ಮ ಬಿದ್ದಿದ್ದನ್ನು ಮೊದಲು ನೋಡಿದವಳೂ ಅವಳೇ.

"ಊಟಕ್ಕೆ ಮನೆಗೆ ಹೋಗಿದ್ದೆ ಮೇಡಂ. ದಿನಾ ಹೋಗ್ತೀನಿ. ವಾಪಸ್ ಬಂದು ಬೀಗ ತೆಗ್ದೆ, ಹಿಂಗೆ ಬಿದ್ದಿದ್ರು."

"ದಾರೀಲಿ ನಿನ್ನ ಯಾರಾದ್ರೂ ನೋಡಿದ್ರಾ?"

"ಈ ಬಿಸಿಲಲ್ಲಿ ಯಾರು ಮೇಡಂ ನೋಡ್ತಾರೆ? ಬೀದೀಲಿ ಒಂದು ನಾಯಿನೂ ಇರ್ಲಿಲ್ಲ."

ಅಷ್ಟರಲ್ಲಿ ಟೈಲರಮ್ಮನ ತಮ್ಮ ನುಗ್ಗಿ ಬಂದರು. ನಿವೃತ್ತ ಫಿಸಿಕ್ಸ್ ಮೇಷ್ಟ್ರು. ಅಕ್ಕನನ್ನು ಆಂಬುಲೆನ್ಸಿಗೆ ಹತ್ತಿಸಿದ್ದನ್ನು ನೋಡಿದವರೇ ಕಾಜಾದವಳ ಕಡೆ ಬೆರಳು ತೋರಿಸಿದರು.

"ಇದು ಇವಳದೇ ಕೆಲ್ಸ! ರಜಾ ಕೊಡ್ಲಿಲ್ಲ ಅಂತ ನಿನ್ನೆ ತಾನೆ ನಮ್ಮಕ್ಕನ ಹತ್ರ ಜಗಳ ಆಡಿದ್ಲು. ಕೀ ಇನ್ಯಾರ ಹತ್ರ ಇದೆ? ಫೋನ್ ಮಾಡಿದ್ರೆ ಸ್ವಿಚ್ ಆಫ್ ಬರ್ತಿದೆ. ನಮ್ಮಕ್ಕನ ಫೋನ್ ಎಲ್ಲಿ, ಕೇಳಿ ಅವಳನ್ನ!"

ಫೋನು ನಿಜವಾಗಿಯೂ ಇರಲಿಲ್ಲ. ಕಾಜಾದವಳ ಚೀಲ ತಡಕಿದೆವು. ನೀರಿನ ಬಾಟ್ಲಿ, ಕತ್ತರಿ, ಮಗಳ ಹರಿದ ಸಾಕ್ಸು. ಬೇರೇನಿಲ್ಲ. ಮೇಷ್ಟ್ರು ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ. ಅಲ್ಲೇ ಕೌಂಟರಿನ ಮೇಲೆ ದೂರು ಬರೆದು ಕೊಟ್ಟರು. ಅದರಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಅದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು.

ದೂರು ಬಂದ ಮೇಲೆ ನಾನು ಸುಮ್ಮನಿರುವಂತಿಲ್ಲ. ಅವಳನ್ನು ಜೀಪು ಹತ್ತಿಸಬೇಕಾಯಿತು. ಬೀದಿಯ ಫೋನುಗಳು ಮತ್ತೆ ಮೇಲೆದ್ದವು.

"ನನ್ನ ಮಗಳು ಸ್ಕೂಲ್ ಬಿಟ್ಟು ಗೇಟಲ್ಲಿ ಕಾಯ್ತಿರ್ತಾಳೆ ಮೇಡಂ," ಎಂದಳು ಕಾಜಾದವಳು. "ಎರಡನೇ ಕ್ಲಾಸು. ನಂಗೆ ಬೇರೆ ಯಾರೂ ಇಲ್ಲ. ನನ್ನ ಒಳಗೆ ಹಾಕಿದ್ರೆ ಅವಳನ್ನ ಯಾರು ನೋಡ್ಕೋತಾರೆ?"

ಮಗುವನ್ನು ಕರೆತರಲು ದಫೇದಾರರಿಗೆ ಹೇಳಿ ಅಂಗಡಿಯೊಳಕ್ಕೆ ಹೋದೆ.

*

ಮೇಲಿನ ಕೋಣೆಯಲ್ಲಿ ಎರಡು ಹೊಲಿಗೆ ಮೆಷಿನು, ಕತ್ತರಿಸುವ ಮೇಜು, ಗೋಡೆಯುದ್ದಕ್ಕೂ ಅರ್ಧ ಹೊಲಿದ ಅಂಗಿಗಳು. ಗಲ್ಲಾ ಪೆಟ್ಟಿಗೆಗೆ ಹಾಕಿದ ಬೀಗ ಹಾಗೇ ಇತ್ತು. ಕಳ್ಳ ಅದನ್ನು ಮುಟ್ಟಲಿಲ್ಲ, ಓಬೀರಾಯನ ಕಾಲದ ಒಂದು ಫೋನು ಎತ್ತಿಕೊಂಡು ಹೋದ. ಇದೆಂಥ ಕಳ್ಳತನ?

ಕಿಟಕಿಯ ಪಕ್ಕ ಮೆತ್ತೆ ಹಾಕಿದ ಕುರ್ಚಿಯೊಂದಿತ್ತು. ಅದರ ಹಿಂದೆ ಗೋಡೆಯಲ್ಲಿ ಒಂದು ದಪ್ಪ ಅಡಾಪ್ಟರು. ಸ್ವಿಚ್ಚು ಹಾಕಿಯೇ ಇತ್ತು. ಕೇಬಲ್ಲು ನೆಲದ ಮೇಲೆ ಬಿದ್ದಿತ್ತು, ಯಾರೋ ಅವಸರದಲ್ಲಿ ಫೋನು ಕಿತ್ತುಕೊಂಡು ಎದ್ದ ಹಾಗೆ.

ಟೈಲರಮ್ಮನ ಚಾರ್ಜರು ಮೆಷಿನಿನ ಪಕ್ಕ ಬೇರೆಯೇ ಇತ್ತು. ಹಳೆಯ ಸಣ್ಣ ಪಿನ್ನಿನದು. ಇದರ ಪಿನ್ನು ಹೊಸ ಥರದ್ದು, ಅವರ ಫೋನಿಗೆ ಹೋಗುವುದೇ ಇಲ್ಲ. ಠಾಣೆಗೆ ಫೋನು ಮಾಡಿ ಕಾಜಾದವಳನ್ನು ಕೇಳಿಸಿದೆ. ಅವಳ ಫೋನೂ ಸಣ್ಣ ಪಿನ್ನಿನದೇ. ದಪ್ಪ ಅಡಾಪ್ಟರು ಯಾರದು ಅಂದರೆ, "ಅಮ್ಮನೋರೇ ತಂದಿಟ್ಟಿದ್ದು. ಯಾರಿಗೆ ಅಂದ್ರೆ ನಗ್ತಾರೆ, ಹೇಳಲ್ಲ," ಎಂದಳಂತೆ.

*

ಪಕ್ಕದ ಅಂಗಡಿ ಮೊಬೈಲ್ ರಿಪೇರಿಯವನದು. ಕದ್ದ ಫೋನು ಮೊದಲು ಬರುವುದೇ ಇಂಥಲ್ಲಿಗೆ. ಅವನ ಡ್ರಾಯರು ಎಳೆದು ಮೇಜಿನ ಮೇಲೆ ಸುರಿಸಿದೆ.

"ಅಯ್ಯೋ ಮೇಡಂ! ಎಲ್ಲಾ ಬಿಚ್ಚಿಟ್ಟಿದೀನಿ, ಸ್ಕ್ರೂ ಕಳ್ದೋದ್ರೆ ನನ್ನ ಗತಿ ಏನು?"

"ಟೈಲರಮ್ಮನ ಫೋನ್ ಇಲ್ಲಿದೆಯೇನೋ?"

"ಇದ್ರೆ ನಾನ್ಯಾಕೆ ಇಲ್ಲಿ ಕೂತಿರ್ತಿದ್ದೆ?"

ಇರಲಿಲ್ಲ. ಇದ್ದದ್ದೆಲ್ಲ ಹಪ್ಪಳದಂತೆ ಊದಿದ ಬ್ಯಾಟರಿಗಳು. ಅವನಿಗೋ ಹೇಳಿಕೊಳ್ಳಲು ಒಬ್ಬರು ಸಿಕ್ಕಿದ್ದೇ ಸಾಕಾಯಿತು.

"ದಿಂಬಿನ ಕೆಳಗಿಟ್ಟು ಚಾರ್ಜ್ ಹಾಕ್ತಾರೆ ಮೇಡಂ. ಚಾರ್ಜ್ ಆಗ್ತಿರೋವಾಗ್ಲೇ ಬಿಸಿಲಲ್ಲಿಟ್ಟು ಗೇಮ್ ಆಡ್ತಾರೆ. ಊದ್ಕೊಂಡ್ರೆ ನನ್ನ ಮೇಲೆ ಎಗರ್ತಾರೆ. ನಾನೇನು ಊದಿದ್ನಾ?"

"ಸಾಕು ಮಾರಾಯ, ತಲೆ ತಿನ್ಬೇಡ. ಈ ಅಡಾಪ್ಟರ್ ನಿಂದಾ?"

ತಿರುಗಿಸಿ ನೋಡಿದ. "ನಾನೇ ಮಾರಿದ್ದು. ಟೈಲರಮ್ಮ ತಗೊಂಡ್ರು. ನಿಮ್ಮ ಫೋನಿಗೆ ಇದು ಹೋಗಲ್ಲ ಅಂದೆ. 'ನಂಗಲ್ಲ ಕಣೋ, ಬಾಯ್ಮುಚ್ಕೊಂಡು ಕೊಡು' ಅಂದ್ರು."

"ಇದ್ರ ವಿಶೇಷ ಏನು?"

"ಅರ್ಧ ಗಂಟೇಲಿ ಹೊಟ್ಟೆ ತುಂಬಾ ಚಾರ್ಜು. ಆದ್ರೆ ಅದೇ ಕಂಪನಿ ಫೋನ್ ಆಗ್ಬೇಕು. ಬೇರೆ ಫೋನ್ ಹಾಕಿದ್ರೆ ಎತ್ತಿನಗಾಡಿ."

"ಮಧ್ಯಾಹ್ನ ಅಂಗಡಿಗೆ ಯಾರು ಬಂದ್ರು?"

"ಆಗ ನಾನು ಶಟರ್ ಎಳ್ಕೊಂಡು ಮಲಗಿರ್ತೀನಿ ಮೇಡಂ."

ಈ ಬೀದಿಯಲ್ಲಿ ಕೆಲಸಕ್ಕೆ ಬರುವ ಸಾಕ್ಷಿ ಒಬ್ಬನೂ ಇಲ್ಲ. ಮಲಗದವರು ಯಾರಾದರೂ ಇದ್ದಾರೆಯೇ ಎಂದು ಗಟ್ಟಿಯಾಗಿಯೇ ಕೇಳಿಬಿಟ್ಟೆ. ರಿಪೇರಿಯವನು ಸ್ಕ್ರೂ ಹುಡುಕುತ್ತಾ ಮೇಜಿನ ಕೆಳಗೆ ತೂರಿಕೊಂಡ.

ಆದರೂ ಒಂದು ಮಾತು ಸ್ಪಷ್ಟವಾಯಿತು. ಟೈಲರಮ್ಮ ಯಾರೋ ಒಬ್ಬರಿಗಾಗಿ ಕುರ್ಚಿಗೆ ಮೆತ್ತೆ ಹಾಕಿ, ಕೈಯಿಂದ ದುಡ್ಡು ಹಾಕಿ ಅಡಾಪ್ಟರು ತಂದಿಟ್ಟಿದ್ದರು. ಆ ಒಬ್ಬರು ಕಾಜಾದವಳು ಇಲ್ಲದ ಹೊತ್ತಿಗೆ ಬರುತ್ತಿದ್ದರು. ಬಾಗಿಲು ಬಡಿದರೆ ಟೈಲರಮ್ಮನೇ ತೆಗೆಯುತ್ತಿದ್ದರು. ಕೀಯ ಮಾತೇ ಬರುವುದಿಲ್ಲ. ಅಡಾಪ್ಟರನ್ನು ಜೇಬಿಗೆ ಹಾಕಿಕೊಂಡು ಮೇಷ್ಟ್ರ ಮನೆಗೆ ಹೊರಟೆ. ಅವರಿಗಿಂತ ಹತ್ತಿರದ ನೆಂಟರು ಟೈಲರಮ್ಮನಿಗೆ ಇರಲಿಲ್ಲ.

*

ಮನೆಯಲ್ಲಿ ಇಬ್ಬರೇ. ಮೇಷ್ಟ್ರು ಮತ್ತು ಇಪ್ಪತ್ತೆರಡರ ಮಗರಾಯ. ಅವನ ತಾಯಿ ಅವನು ಚಿಕ್ಕವನಿದ್ದಾಗಲೇ ತೀರಿಕೊಂಡವರು. ಸಾಕಿದ್ದು ಸೋದರತ್ತೆ, ಅಂದರೆ ಟೈಲರಮ್ಮ.

ಮೇಷ್ಟ್ರು ಆಸ್ಪತ್ರೆಗೆ ಹೊರಡುವ ಅವಸರದಲ್ಲಿದ್ದರು. ಆದರೂ ಹಜಾರದ ಗೂಡಿನಲ್ಲಿ ಚಾರ್ಜಿಗೆ ಹಾಕಿದ್ದ ತಮ್ಮ ಫೋನನ್ನು ಎರಡೆರಡು ಸಲ ಹೋಗಿ ನೋಡಿದರು. ಗೋಡೆಗೆ ಕೈಬರಹದ ಚೀಟಿ ಅಂಟಿಸಿತ್ತು: 'ಇಪ್ಪತ್ತಕ್ಕೆ ಹಾಕು, ಎಂಬತ್ತಕ್ಕೆ ತೆಗೆ.'

"ಅಕ್ಕ ಅಲ್ಲಿ ಮಲಗಿದಾರೆ, ನೀವು ಪರ್ಸೆಂಟ್ ನೋಡ್ತಿದೀರಾ ಮೇಷ್ಟ್ರೇ?"

"ಆಸ್ಪತ್ರೇಲಿ ಫೋನ್ ಬೇಕಾಗುತ್ತಲ್ಲಮ್ಮ. ಎಪ್ಪತ್ತೆಂಟಾಗಿದೆ, ಇನ್ನೆರಡು." ಧ್ವನಿ ಪಾಠದ ಧಾಟಿಗೆ ಹೊರಳಿತು. "ಬ್ಯಾಟರಿಗೆ ಶತ್ರು ಅಂದ್ರೆ ಶಾಖ. ಆ ಫಾಸ್ಟ್ ಅಡಾಪ್ಟರ್‌ಗಳಿದಾವಲ್ಲ, ಅನಾಹುತ. ಈ ಮನೇಲಿ ಒಂದೂ ಇಲ್ಲ. ಮಗನ ಹೊಸ ಫೋನ್ ಜೊತೆ ಬಂದಿದ್ದನ್ನ ಅವತ್ತೇ ಅಂಗಡಿಗೆ ವಾಪಸ್ ಕೊಟ್ಟೆ. ನಿಧಾನಕ್ಕೆ ಹತ್ಬೇಕು, ಎಂಬತ್ತಕ್ಕೆ ನಿಲ್ಬೇಕು. ನನ್ನ ಫೋನ್‌ಗೆ ಆರು ವರ್ಷ, ಬ್ಯಾಟರಿ ಇನ್ನೂ ಗಟ್ಟಿಮುಟ್ಟು."

ತಲೆ ಚಿಟ್ಟು ಹಿಡಿಯಿತು. ಮಗ ಬಾಗಿಲಿಗೆ ಒರಗಿ ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

"ಮಧ್ಯಾಹ್ನ ಎಲ್ಲಿದ್ದೆಯಪ್ಪಾ?"

"ರೂಮಲ್ಲಿ ಮಲಗಿದ್ದೆ ಮೇಡಂ. ಫೋನ್ ಚಾರ್ಜಿಗೆ ಹಾಕಿ."

"ಅದಕ್ಕೆ ನಾನೇ ಸಾಕ್ಷಿ," ಎಂದರು ಮೇಷ್ಟ್ರು. "ಪರೀಕ್ಷೆಗೆ ಓದೋ ರಜಾ ಅವನಿಗೆ. ಎಲ್ಲೂ ಹೋಗಿಲ್ಲ."

"ನೀವು ಮಧ್ಯಾಹ್ನ ಮಲಗಲ್ವಾ?"

"ಒಂದು ಗಳಿಗೆ ಕಣ್ಣು ಮುಚ್ತೀನಿ." ದನಿ ತುಸು ತಗ್ಗಿತು. "ಹಾಗಂತ?"

ಇನ್ನೊಬ್ಬ ಮಲಗಿದ ಸಾಕ್ಷಿ! ಮಗನ ಕಡೆ ಕೈ ಚಾಚಿದೆ. "ನಿನ್ನ ಫೋನ್ ಕೊಡು ನೋಡೋಣ."

ಅವನು ಕದಲಲಿಲ್ಲ.

"ಕೊಡೋ," ಎಂದು ಮೇಷ್ಟ್ರು ಗದರಿದರು. "ನಮ್ಮಲ್ಲಿ ಮುಚ್ಚಿಡೋದೇನಿದೆ? ಲಾಕ್ ತೆಗ್ದು ಕೊಡು!"

ಕೊಟ್ಟ. ಹಿಂಬದಿಯಲ್ಲಿ ನನ್ನ ಜೇಬಿನ ಅಡಾಪ್ಟರಿನ ಕಂಪನಿಯ ಗುರುತೇ ಇತ್ತು. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಎಂಬಲ್ಲಿ ಒತ್ತಿದರೆ ಇಡೀ ದಿನದ ಚಾರ್ಜಿನ ಗೆರೆ ಕಾಣುತ್ತದೆ. ತೆಗೆದೆ. ಬೆಳಗ್ಗೆಯಿಂದ ಗೆರೆ ಇಳಿಯುತ್ತಾ ಬಂದು ಮಧ್ಯಾಹ್ನ ತಳ ಮುಟ್ಟಿತ್ತು. ಅಲ್ಲಿಂದ ನೆಟ್ಟಗೆ ಮೇಲಕ್ಕೆ ಏರಿತ್ತು. ನನಗೆ ಅರ್ಥವಾಯಿತು. ಆದರೆ ನಾನು ಹೇಳಿದರೆ ಮೇಷ್ಟ್ರು ನೂರು ಆಕ್ಷೇಪ ತೆಗೆಯುತ್ತಾರೆ.

"ಮೇಷ್ಟ್ರೇ, ನೀವು ತಿಳಿದವರು. ಈ ಗೆರೆ ಏನು ಹೇಳುತ್ತೆ, ಸ್ವಲ್ಪ ನೋಡಿ."

ಕನ್ನಡಕ ಏರಿಸಿ ನೋಡಿದರು. ಕ್ಷಣದಲ್ಲಿ ಕೆಂಡಾಮಂಡಲವಾದರು.

"ಏನೋ ಇದು! ತೊಂಬತ್ತಾರರ ತನಕ ಹತ್ತಿಸಿದೀಯಲ್ಲೋ! ಅದೂ ಅರ್ಧ ಗಂಟೇಲಿ! ಎಷ್ಟು ಸಲ ಬಡ್ಕೊಂಡಿದೀನಿ ನಿಂಗೆ!"

"ನಿಮ್ಮ ಮನೆ ಅಡಾಪ್ಟರ್ ಸ್ವಲ್ಪ ಜೋರಿರ್ಬೇಕು," ಎಂದೆ.

"ಸಾಧ್ಯಾನೇ ಇಲ್ಲ! ನಮ್ಮನೆ ಅಡಾಪ್ಟರ್‌ಗೆ ಇಷ್ಟು ಹತ್ತಿಸೋಕೆ ಮೂರು ಗಂಟೆ ಬೇಕು. ಗೆರೆ ಗುಡ್ಡದ ಥರ ಇರ್ಬೇಕು, ಗೋಡೆ ಥರ ಅಲ್ಲ. ಇದು ಈ ಮನೇಲಿ ಹತ್ತಿದ ಚಾರ್ಜೇ ಅಲ್ಲ. ಬರೆದು ಕೊಡ್ತೀನಿ ಬೇಕಾದ್ರೆ! ಇದು ಇನ್ನೆಲ್ಲೋ..."

ಮಾತು ಅಲ್ಲಿಗೆ ನಿಂತಿತು. ಮೇಷ್ಟ್ರು ಗೆರೆಯ ಕೆಳಗಿದ್ದ ಹೊತ್ತನ್ನು ಓದಿದರು. ಕಾಜಾದವಳು ಊಟಕ್ಕೆ ಹೋಗಿದ್ದ ಹೊತ್ತು. ನಾನು ದಪ್ಪ ಅಡಾಪ್ಟರನ್ನು ತೆಗೆದು ಅವರ ಮುಂದಿಟ್ಟೆ.

"ಇದು ನಿಮ್ಮಕ್ಕನ ಅಂಗಡಿ ಗೋಡೇಲಿತ್ತು."

ಅವರು ಅದನ್ನು ಮುಟ್ಟಲಿಲ್ಲ. ಮಗನನ್ನೇ ನೋಡುತ್ತಾ ನಿಂತರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿಗೋ ಹೋಯಿತು.

"ಅತ್ತೆ ಹೆಂಗಿದಾರೆ?" ಎಂದ ಮಗ.

*

ಉಳಿದದ್ದೆಲ್ಲ ತಾನಾಗಿ ಹೊರಬಂತು.

ಹುಡುಗ ಕಾಲೇಜು ಬಿಟ್ಟು ವರ್ಷವಾಗುತ್ತಾ ಬಂದಿತ್ತು. ಬೆಳಗ್ಗೆ ಚೀಲ ಹೆಗಲಿಗೇರಿಸಿ ಹೊರಡುವುದು, ಎಲ್ಲೆಲ್ಲೋ ಅಲೆಯುವುದು, ಮಧ್ಯಾಹ್ನ ಅತ್ತೆಯ ಅಂಗಡಿಯಲ್ಲಿ ಕೂತು ಫೋನಿಗೆ ಹೊಟ್ಟೆ ತುಂಬಾ ಚಾರ್ಜು ಹಾಕಿಕೊಳ್ಳುವುದು. ಗುಟ್ಟು ತಿಳಿದಿದ್ದವರು ಟೈಲರಮ್ಮ ಒಬ್ಬರೇ. ಇವತ್ತು ಓದುವ ರಜಾ ಎಂದು ಸುಳ್ಳು ಹೇಳಿ ಮನೆಯಲ್ಲೇ ಇದ್ದವನು ಅಪ್ಪ ಮಲಗಿದ್ದೇ ಜಾರಿಕೊಂಡು ಬಂದಿದ್ದ. ಅತ್ತೆಗೂ ಸಾಕಾಗಿತ್ತು. "ನೀನು ಹೇಳ್ತೀಯೋ, ನಾನು ಹೇಳ್ಲೋ" ಎಂದು ತಮ್ಮನಿಗೆ ಫೋನು ಹಚ್ಚಲು ಹೊರಟರು. ಇವನು ತನ್ನ ಫೋನು ಕಿತ್ತುಕೊಂಡು ಎದ್ದ, ಅವರ ಫೋನಿಗೆ ಕೈ ಹಾಕಿದ. ಅವರು ಬಿಡಲಿಲ್ಲ. ಮೆಟ್ಟಿಲ ತುದಿಯಲ್ಲಿ ಎಳೆದಾಟವಾಯಿತು. ನೂಕಿದ. ಅತ್ತೆಯ ಫೋನು ಅವನ ಹಳೇ ಶೂ ಒಳಗೆ ಸಿಕ್ಕಿತು.

"ಬಿದ್ಮೇಲೆ ಆಂಬುಲೆನ್ಸ್‌ಗೆ ಯಾಕೆ ಫೋನ್ ಮಾಡ್ಲಿಲ್ಲ? ಕೈಲಿ ಎರಡೆರಡು ಫೋನ್ ಇತ್ತಲ್ಲೋ!" ನನ್ನ ದನಿ ನನಗೇ ಕರ್ಕಶವಾಗಿ ಕೇಳಿಸಿತು.

"ಅಪ್ಪಂಗೆ ಗೊತ್ತಾಗುತ್ತೆ ಅಂತ."

ಇಪ್ಪತ್ತೆರಡು ವರ್ಷದ ಗಂಡಸು! ಅಪ್ಪ ಬೈಯುತ್ತಾರೆಂದು ಸಾಕಿದ ಅತ್ತೆಯನ್ನು ರಕ್ತದಲ್ಲಿ ಬಿಟ್ಟು ಬಂದ. ಆ ತಪ್ಪಿಗೆ ಬೇರೊಬ್ಬಳು ಜೀಪು ಹತ್ತಿದ್ದನ್ನು ಬೀದಿಯವರ ವಿಡಿಯೋದಲ್ಲಿ ನೋಡಿಯೂ ಬಾಯಿ ಬಿಡಲಿಲ್ಲ. ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಲಿಲ್ಲ. ಜೀಪು ಹತ್ತಿಸಿದೆ.

*

ಠಾಣೆಯಲ್ಲಿ ಕಾಜಾದವಳು ಬೆಂಚಿನ ಮೇಲೆ ಕೂತಿದ್ದಳು. ಮಗಳು ಅವಳ ತೊಡೆಗೆ ಅಂಟಿಕೊಂಡಿದ್ದಳು. ಅತ್ತು ಅತ್ತು ಮುಖ ಊದಿತ್ತು. ಗೇಟಿನಲ್ಲಿ ಬೇರೆ ಮಕ್ಕಳು ಅಪ್ಪ ಅಮ್ಮಂದಿರ ಫೋನಿನಲ್ಲಿ ಜೀಪಿನ ವಿಡಿಯೋ ತೋರಿಸಿ ಅವಳನ್ನು ಆಡಿಕೊಂಡಿದ್ದರಂತೆ.

"ನೀನಿನ್ನು ಮನೆಗೆ ಹೋಗಮ್ಮ," ಎಂದೆ. "ಆಸ್ಪತ್ರೆಯಿಂದ ಫೋನ್ ಬಂದಿತ್ತು. ಟೈಲರಮ್ಮ ಕಣ್ಣು ಬಿಟ್ಟಿದಾರೆ."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಚೀಲ ಎತ್ತಿಕೊಂಡು ಎದ್ದಳು.

ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಮಗನ ಹಿಂದೆಯೇ ಆಟೋದಲ್ಲಿ ಬಂದಿದ್ದರು. ಕೈ ಮುಗಿದರು.

"ತಪ್ಪಾಯ್ತಮ್ಮ. ದೂರು ವಾಪಸ್ ತಗೋತೀನಿ."

"ಅದನ್ನ ತಗೋಬಹುದು ಸರ್," ಎಂದಳು ಅವಳು. ಇಡೀ ದಿನದಲ್ಲಿ ಮೊದಲ ಸಲ ಅವಳ ದನಿ ಏರಿತ್ತು. "ಇವಳ ಕ್ಲಾಸಿನ ಮಕ್ಕಳು ನೋಡಿದ್ದನ್ನ ಹೆಂಗೆ ವಾಪಸ್ ತಗೋತೀರಾ? ನನ್ನನ್ನೇನೂ ಕೇಳ್ಬೇಡಿ. ಹೇಳೋದಿದ್ರೆ ಇವಳಿಗೆ ಹೇಳಿ."

ಮೇಷ್ಟ್ರು ಗೋಡೆ ಹಿಡಿದುಕೊಂಡು ಮೆಲ್ಲಗೆ ಮಗುವಿನ ಮುಂದೆ ಮಂಡಿಯೂರಿದರು. ಆಯುಷ್ಯವೆಲ್ಲ ಮಕ್ಕಳಿಗೆ ಪಾಠ ಹೇಳಿದವರು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಮಗುವೇ ಕೇಳಿತು. "ಟೈಲರಜ್ಜೀನ ನೂಕಿದ್ದು ನಮ್ಮಮ್ಮ ಅಲ್ವಾ?"

"ಅಲ್ಲ ಪುಟ್ಟಿ. ನಿಮ್ಮಮ್ಮ ಅಲ್ಲ."

"ಮತ್ತೆ ಯಾರು?"

ಮೇಷ್ಟ್ರು ತಲೆಯೆತ್ತಿ ನನ್ನನ್ನು ನೋಡಿದರು. ಅದಕ್ಕೆ ಉತ್ತರ ಕೊಡುವುದು ನನ್ನ ಕೆಲಸವಾಗಿರಲಿಲ್ಲ.

"ನನ್ನ ಮಗ," ಎಂದರು.